ಅಪ್ಪ ಹಾಕಿಸಿದ ಓಟು

ಗುಂಡ್ಲುಪೇಟೆಗೆ ರೈಲಿಲ್ಲ. ಆದರೂ ರೈಲು ಟಿಕೆಟ್ಟಿನ ದರದ ಬಗ್ಗೆ ಆ ಊರಲ್ಲಿ ನಮ್ಮಪ್ಪನಷ್ಟು ತಲೆ ಕೆಡಿಸಿಕೊಂಡವರು ಇನ್ನೊಬ್ಬರಿಲ್ಲ. ಕಾರಣ ನಾನೇ. ಮದುವೆಯಾಗಿ ಚಾಮರಾಜನಗರ ಸೇರಿದವಳು, ದಿನಾ ಬೆಳಗಿನ ರೈಲಿಗೆ ಮೈಸೂರಿಗೆ ಕೆಲಸಕ್ಕೆ ಹೋಗುತ್ತೇನೆ. ಕಳೆದ ಲೋಕಸಭಾ ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರು ಅಪ್ಪನ ಬೀದಿಗೆ ಬಂದು, ಟಿಕೆಟ್ ದರ ಬೇಕಾಬಿಟ್ಟಿ ಏರಿಸದಂತೆ ಕಾನೂನು ತರಿಸುತ್ತೇನೆ ಎಂದದ್ದೇ ತಡ, ಅಪ್ಪ ಮನೆಮನೆಗೂ ಹೋಗಿ, "ಇವರ್ಗೇ ಹಾಕಿ, ನನ್ ಮಾತ್ ಕೇಳಿ" ಎಂದು ಹೇಳಿ ಬಂದರು. ಎಲ್ಲರೂ "ಆಯ್ತು ಕಣಣ್ಣ" ಎಂದರಂತೆ. ಆ ಅಭ್ಯರ್ಥಿ ಗೆದ್ದೂ ಗೆದ್ದರು.

ಈಚೆಗೆ ದರ ನಿಯಂತ್ರಣದ ನಿರ್ಣಯವೊಂದು ಲೋಕಸಭೆಯಲ್ಲಿ ಬಿದ್ದುಹೋಯಿತು. ಕೂಡಲೇ ಅಪ್ಪನ ಫೋನು. "ನಮ್ಮೋರು ಯಾವ್ ಕಡೆ ಕೈ ಎತ್ತುದ್ರು ಅಂತ ನೋಡ್ಬುಟ್ಟು ಯೋಳು ಕಣಮ್ಮಿ. ಬೀದಿಗೆಲ್ಲ ಮಾತ್ ಕೊಟ್ಟಿವ್ನಿ."

ರೈಲಿನಲ್ಲೇ ಮೊಬೈಲು ಹಿಡಿದು ಹುಡುಕಿದೆ. ಕವಲಂದೆ ದಾಟುವಷ್ಟರಲ್ಲಿ ಸಿಕ್ಕಿತು: ಧ್ವನಿಮತದಿಂದ ತಿರಸ್ಕಾರ. ಪರ ಇದ್ದವರು ಹೌದೆಂದು, ವಿರೋಧ ಇದ್ದವರು ಇಲ್ಲವೆಂದು ಒಟ್ಟಿಗೆ ಕೂಗಿದ್ದಾರೆ, ಅಷ್ಟೆ. ಯಾರು ಏನು ಕೂಗಿದರೆಂದು ಎಲ್ಲೂ ಬರೆದಿಟ್ಟಿಲ್ಲ.

ಅಪ್ಪ ನಂಬಲಿಲ್ಲ. ಅವರು ಹಾಲಿನ ಡೈರಿಯ ಕಾರ್ಯದರ್ಶಿಯಾಗಿದ್ದವರು. ದನಗಳ ಹಿಂಡಿ ಯಾವ ಅಂಗಡಿಯಿಂದ ತರಿಸಬೇಕು ಎಂಬುದಕ್ಕೂ ಕೈ ಎತ್ತಿಸಿ, ಎತ್ತಿದವರ ಹೆಸರು ಬರೆದು, ಸಹಿ ಹಾಕಿಸುತ್ತಿದ್ದರು. "ಹಿಂಡಿಗಿರೋ ಮರ್ವಾದೆ ರೈಲ್ಗಿಲ್ವಾ?" ಎಂದರು. ನನಗೆ ನಗು ಬಂತು, ಅವರಿಗೆ ಬರಲಿಲ್ಲ.

ಭಾನುವಾರ ನಾನು ತವರಿಗೆ ಹೋದಾಗ ಅಪ್ಪ ಒಗೆದ ಪಂಚೆ ಉಟ್ಟು ಹೊರಟು ನಿಂತಿದ್ದರು. ಮಾತು ಕೊಟ್ಟು ಓಟು ಹಾಕಿಸಿದವನು ತಾನು, ಈಗ ಉತ್ತರ ಹೇಳಲಾಗುತ್ತಿಲ್ಲ. ಹಾಗಾಗಿ ಬೀದಿಯವರ ಹತ್ತಿರ ತಪ್ಪೊಪ್ಪಿಕೊಳ್ಳಬೇಕಂತೆ. ಬೇಡವೆಂದರೆ ಕೇಳುವ ಜೀವವಲ್ಲ. ಈ ವಯಸ್ಸಿನಲ್ಲಿ ಅಪ್ಪ ತಲೆ ತಗ್ಗಿಸುವುದನ್ನು ನೋಡಬೇಕಲ್ಲ ಎಂದು ಸಂಕಟಪಡುತ್ತಲೇ ಜೊತೆಗೆ ಹೋದೆ.

ಮೊದಲ ಮನೆಯ ಅಜ್ಜಿ ಪೂರ್ತಿ ಕೇಳಿ, ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. "ಅದ್ಕ್ಯಾಕ್ ಕೊರಗ್ತೀಯಪ್ಪ? ನಾ ಅವ್ನ್ಗೆ ಹಾಕೇ ಇಲ್ಲ." ಎರಡನೇ ಮನೆಯಲ್ಲೂ ಅದೇ ಉತ್ತರ. ಮೂರನೇ ಮನೆಯವರು ಮೊದಲು ಟೀ ಕೊಟ್ಟು, ಆಮೇಲೆ ಒಪ್ಪಿಕೊಂಡರು. ಬೀದಿ ಮುಗಿಯುವ ಹೊತ್ತಿಗೆ ಅಪ್ಪನ ಮಾತು ಕೇಳಿ ಓಟು ಹಾಕಿದವರು ಒಬ್ಬರೂ ಸಿಗಲಿಲ್ಲ. ನಿಜವನ್ನೇ ಹೇಳಿದರೋ, ಅಪ್ಪನ ಮನಸ್ಸು ಹಗುರವಾಗಲೆಂದು ಹೇಳಿದರೋ, ದೇವರೇ ಬಲ್ಲ.

ಅಪ್ಪ ಬೀದಿ ಕೊನೆಯ ಜಗಲಿಯ ಮೇಲೆ ಕುಳಿತರು. ಆಮೇಲೆ ಭುಜ ಕುಣಿಯುವಂತೆ ನಗತೊಡಗಿದರು.

"ಇವ್ರೂ ನಂಗೆ ಧ್ವನಿಮತನೇ ಮಾಡ್ಬುಟ್ರಲ್ಲ ಕಣಮ್ಮಿ."