ನನ್ನ ರಾಜೀನಾಮೆಗೆ ನಾನೇ ಮೊಳೆ ಜೋಡಿಸಿದೆ

ಸ್ನೇಹಿತರೇ, ಬೇರೆ ಯಾರನ್ನು ಕೇಳುವುದೆಂದು ತಿಳಿಯದೆ ವಾಚನಾಲಯದ ಬೋರ್ಡಿಗೆ ಈ ಚೀಟಿ ಅಂಟಿಸುತ್ತಿದ್ದೇನೆ.

ಲಷ್ಕರ್ ಮೊಹಲ್ಲಾದ ಪ್ರೆಸ್ಸೊಂದರಲ್ಲಿ ಅಚ್ಚಿನ ಅಕ್ಷರದ ಮೊಳೆ ಜೋಡಿಸುವವನು ನಾನು. ಇವತ್ತು ಬೆಳಿಗ್ಗೆ ಯಜಮಾನರು ಒಂದು ಫಾರಂ ಕೊಟ್ಟು, "ಹೆಸರಿನ ಜಾಗ ಖಾಲಿ ಬುಡು, ಅರ್ಜೆಂಟು" ಎಂದರು. ಜೋಡಿಸುವಾಗ ನಮ್ಮ ಕಣ್ಣಿಗೆ ಬೀಳುವುದು ಅಕ್ಷರ, ಅರ್ಥವಲ್ಲ. ಯಾವುದೋ ಮಿಲ್ಲಿನದಿರಬೇಕು ಎಂದುಕೊಂಡು ಒಂದು ಗಂಟೆಯಲ್ಲಿ ಮುಗಿಸಿದೆ. ಮಧ್ಯಾಹ್ನ ಅಚ್ಚಾದ ಮೊದಲ ಪ್ರತಿಯನ್ನು ನನ್ನ ಕೈಗೇ ಕೊಟ್ಟರು. ಖಾಲಿ ಜಾಗದಲ್ಲಿ ಅವರ ಕೈಬರಹದಲ್ಲಿ ನನ್ನ ಹೆಸರಿತ್ತು. ನಾನು ಸ್ವಂತ ಇಷ್ಟದಿಂದ ಕೆಲಸ ಬಿಡುತ್ತಿದ್ದೇನಂತೆ; ಎರಡು ವರ್ಷ ಮೈಸೂರಿನ ಬೇರೆ ಯಾವ ಪ್ರೆಸ್ಸಿಗೂ ಸೇರುವುದಿಲ್ಲವಂತೆ.

"ಅರಮನೆಯಿಂದ ಬರ್ತಿದ್ದ ಅಚ್ಚಿನ ಕೆಲಸ ನಿಂತೋಯ್ತು ಕಣಯ್ಯ. ಸೈನ್ ಹಾಕು, ಒಂದು ತಿಂಗಳ ಸಂಬಳಾನೂ ಸರ್ಟಿಫಿಕೇಟೂ ಕೊಡ್ತೀನಿ. ಇಲ್ದಿದ್ರೆ ಎರಡೂ ಇಲ್ಲ" ಎಂದರು.

"ನಂಗೆ ಬೇರೆ ಕಸುಬು ಗೊತ್ತಿಲ್ಲ ಸ್ವಾಮಿ. ಎರಡು ವರ್ಷ ಏನ್ ಮಾಡ್ಲಿ?"

"ಬೆಳಿಗ್ಗೆ ನೀನೇ ತಾನೆ ಜೋಡಿಸಿದ್ದು? ಆಗ ಯಾಕೆ ಬಾಯಿ ಬಿಡ್ಲಿಲ್ಲ?"

ನಾಳೆ ಬೆಳಿಗ್ಗೆಯವರೆಗೆ ಸಮಯ ಕೇಳಿ, ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಒಂಟಿಕೊಪ್ಪಲಿನ ಈ ವಾಚನಾಲಯಕ್ಕೆ ಬಂದಿದ್ದೇನೆ. ಮನೆಗೆ ಹೋಗಲು ಧೈರ್ಯವಿಲ್ಲ; ಹೆಂಡತಿ ಮುಖ ನೋಡಿಯೇ ಏನಾಯಿತೆಂದು ಕೇಳುತ್ತಾಳೆ. ಸೈನ್ ಹಾಕಲೇ, ಬೇಡವೇ, ತಿಳಿದವರು ಹೇಳಿ.

ಇಲ್ಲೇ ಕೂತು ಆ ಕಾಗದವನ್ನು ನಾಲ್ಕು ಸಲ ಓದಿದೆ. ಹನ್ನೆರಡು ವರ್ಷದಲ್ಲಿ ನಾನು ಜೋಡಿಸಿದ್ದರಲ್ಲಿ ಯಜಮಾನರು ಒಂದೂ ತಪ್ಪು ಹುಡುಕದೆ ಒಪ್ಪಿದ್ದು ಇದೊಂದನ್ನೇ.