ನನ್ನ ಕ್ರಿಬ್‌ಗೆ ಬಿಟ್ಟ ಐದು

ಯಜಮಾನರು ತೀರಿಕೊಂಡ ಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಅವರ ಗೆಳೆಯರೊಬ್ಬರು ಪ್ಲಿಮತ್‌ನಿಂದ ಬಂದು ನನ್ನ ಜೊತೆ ಕ್ರಿಬೇಜ್ ಎಂಬ ಇಸ್ಪೀಟ್ ಆಟ ಆಡುತ್ತಾರೆ. ಇಬ್ಬರಿಗೂ ಆರಾರು ಎಲೆ. ನಾಲ್ಕು ಇಟ್ಟುಕೊಂಡು ಎರಡು ಬಿಡಬೇಕು. ಬಿಟ್ಟ ಎಲೆಗಳ ಗುಂಪಿಗೆ ಕ್ರಿಬ್ ಎನ್ನುತ್ತಾರೆ, ಅದರ ಅಂಕ ಎಲೆ ಹಂಚಿದವರಿಗೆ ಹೋಗುತ್ತದೆ. ಹೆಚ್ಚು ಅಂಕ ತರುವುದು ಐದು. ಎದುರಿನವರು ಹಂಚಿದಾಗ ಅದನ್ನು ಬಿಡುವವರು ಕಡಿಮೆ. ಇವರು ನಾನು ಹಂಚಿದಾಗಲೆಲ್ಲ, ಕೈಗೆ ಐದು ಬಂದರೆ ಅದನ್ನೇ ಬಿಡುತ್ತಿದ್ದರು. ವಾರವಾರವೂ ಗೆದ್ದು ಗೆದ್ದು ನನಗೆ ಸಾಕಾಗಿಹೋಯಿತು.

“ನಮ್ಮವರ ಎದುರಿಗೆ ಒಂದು ದಿನವಾದರೂ ಐದು ಬಿಟ್ಟಿದ್ರಾ?” ಎಂದು ಕೇಳಿಯೇಬಿಟ್ಟೆ.

“ಅಂವನ್ನ ಸೋಲಿಸೋದು ಬ್ಯಾರೆ ಬಿಡ್ರಿ ವೈನಿ.”

“ನನಗೂ ಸೋಲೋಕೆ ಬರುತ್ತೆ. ಊಟ ಕಳಿಸೋರು, ಫೋನ್ ಮಾಡೋರು, ಎಲ್ಲರೂ ನನ್ನನ್ನ ಗಾಜಿನ ಲೋಟದ ಹಾಗೆ ಹಿಡೀತಾರೆ. ನೀವಾದ್ರೂ ಸರಿಯಾಗಿ ಆಡಿ.”

ಮತ್ತೆ ನಾನು ಹಂಚಿದೆ. ಅವರು ಎಲೆಗಳನ್ನು ಹಿಂದೆ ಮುಂದೆ ಜೋಡಿಸುತ್ತ ತುಂಬ ಹೊತ್ತು ಕೂತರು. ಆಟದ ಕೊನೆಗೆ ನೋಡಿದರೆ ಅವರು ಕ್ರಿಬ್‌ಗೆ ಬಿಟ್ಟದ್ದು ಒಂದು ರಾಜ, ಒಂದು ಒಂಬತ್ತು. ಅವರಿಗೆ ಬಂದಿದ್ದ ಎರಡು ಐದುಗಳೂ ಕೈಯಲ್ಲೇ ಇದ್ದವು. ನಾನು ಕೆಟ್ಟದಾಗಿ ಸೋತೆ.

“ಸೋತವರು ಚಾ ಮಾಡಬೇಕ್ರಿ ವೈನಿ,” ಎಂದರು, ಗೆಳೆಯನನ್ನು ಕೆಣಕುತ್ತಿದ್ದ ಅದೇ ದನಿಯಲ್ಲಿ.

“ಎಲೆ ಕಲೆಸಿ ಇಟ್ಟಿರಿ, ಬಂದೆ,” ಎಂದು ಸಿಟ್ಟಿನಿಂದಲೇ ಒಲೆ ಹಚ್ಚಿದೆ.