ಓದಿ ಹೇಳಲಾಯಿತು

ಗೀರಕ್ಕನಿಗೆ ಆ ಹೆಸರು ಬಂದದ್ದು ಶೀಘ್ರಲಿಪಿಯಿಂದ. ಎದುರಿಗಿದ್ದವರು ಬಾಯಿ ತೆರೆದರೆ ಸಾಕು, ಅವಳ ಪೆನ್ಸಿಲು ಗೀರು, ಕೊಂಡಿ, ಚುಕ್ಕಿಗಳನ್ನು ಎಳೆಯುತ್ತ ಓಡುತ್ತಿತ್ತು. ಅವರ ಮಾತು ಮುಗಿಯುವ ಹೊತ್ತಿಗೆ ಇವಳ ಬರಹವೂ ಮುಗಿದಿರುತ್ತಿತ್ತು. ಇಪ್ಪತ್ತಾರು ವರ್ಷ ಸರ್ಕಾರಿ ಕಚೇರಿಗಳಲ್ಲಿ ಸಾಕ್ಷಿಗಳ ಹೇಳಿಕೆ ಬರೆದುಕೊಂಡವಳು ಅವಳು. ಜೊತೆಯವರು ತಮಾಷೆಗೆ ಇಟ್ಟ ಹೆಸರು ಬೀದಿಗೂ ಬಂತು, ಕೊನೆಗೆ ಮನೆಯೊಳಕ್ಕೂ ಬಂತು. ಬಸ್ ಓಡಿಸುವ ಗಂಡನಂತೂ, "ಇವಳ ಹತ್ರ ಜಗಳ ಆಡೋ ಹಾಗೇ ಇಲ್ಲ ಕಣ್ರೀ. ಹೋದ ವರ್ಷ ನಾನು ಬೈದದ್ದನ್ನ ಪದಕ್ಕೆ ಪದ ವಾಪಸ್ ಹೇಳ್ತಾಳೆ" ಎಂದು ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡು ನಗುತ್ತಿದ್ದ.

ಬರೆದುಕೊಳ್ಳುವುದಕ್ಕಿಂತ ಓದಿ ಹೇಳುವುದರಲ್ಲಿ ಅವಳಿಗೆ ಹೆಚ್ಚು ಹೆಮ್ಮೆ. ಹೇಳಿಕೆ ಟೈಪಾದ ಮೇಲೆ ಅದನ್ನು ಸಾಕ್ಷಿಗೆ ಓದಿ ಹೇಳಬೇಕು. ಸಾಕ್ಷಿ ಹೂಂ ಎಂದರೆ, "ಓದಿ ಹೇಳಲಾಯಿತು, ಸರಿ ಇದೆಯೆಂದು ಒಪ್ಪಿರುತ್ತಾರೆ" ಎಂಬ ಸಾಲಿನ ಕೆಳಗೆ ಅವರ ಸಹಿ, ಪಕ್ಕದಲ್ಲಿ ಓದಿದವರ ಸಹಿ. ನಿಯಮವೇನೋ ಚೆನ್ನಾಗಿಯೇ ಇತ್ತು. ಆದರೆ ಕಚೇರಿಯ ಭಾಷೆ ಯಾರಿಗೆ ಅರ್ಥವಾಗಬೇಕು? "ಸದರಿ ವ್ಯಕ್ತಿಯು ಸದರಿ ಕೊಠಡಿಯಿಂದ ನಿರ್ಗಮಿಸಿರುತ್ತಾನೆ" ಎಂದು ಓದಿದರೆ ತರಕಾರಿ ಮಾರುವವಳು ಕಣ್ಣು ಕಣ್ಣು ಬಿಡುತ್ತಿದ್ದಳು. ತಾನು ಏನೋ ತಪ್ಪು ಮಾಡಿ ಸಿಕ್ಕಿಬಿದ್ದೆ ಎಂದು ಹೆದರಿ ತಲೆಯಾಡಿಸುತ್ತಿದ್ದವರೂ ಇದ್ದರು. ಅದನ್ನು ನೋಡಲಾರದೆ ಗೀರಕ್ಕ ಒಂದು ಉಪಾಯ ಮಾಡಿಕೊಂಡಿದ್ದಳು. ಟೈಪಾದ ಹಾಳೆಯನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ತನ್ನ ಗೀರುಪುಸ್ತಕ ತೆರೆದು, ಅವರು ಆಡಿದ್ದನ್ನು ಅವರದೇ ಮಾತಿನಲ್ಲಿ ಓದುತ್ತಿದ್ದಳು. "ಹೂಂ ಕಣವ್ವ, ನಾನಂದಿದ್ದು ಹಂಗೇನೇ!" ಎಂದು ಅವರ ಮುಖ ಅರಳುತ್ತಿತ್ತು. ಹಾಳೆಯ ಮೇಲೆ ಅವಳು ಕಣ್ಣಾಡಿಸುತ್ತಿದ್ದದ್ದು ಹೆಸರು, ತಾರೀಖು ಸರಿಯಾಗಿದೆಯೇ ಎಂದು ನೋಡಲು ಮಾತ್ರ.

ಹೀಗಿರುವಾಗ ಊರಿನ ಶಾಲೆಯೊಂದಕ್ಕೆ ಬೆಂಕಿ ಬಿತ್ತು. ಸುಟ್ಟದ್ದು ಒಂದೇ ಕೋಣೆ, ನಗರಸಭೆ ಚುನಾವಣೆಯ ಮತಪೆಟ್ಟಿಗೆಗಳನ್ನು ಇಟ್ಟಿದ್ದ ಕೋಣೆ. ಎಣಿಕೆಗೆ ಇನ್ನೊಂದೇ ದಿನವಿತ್ತು. ಜನ ರೊಚ್ಚಿಗೆದ್ದರು, ಸರ್ಕಾರ ತನಿಖಾ ಆಯೋಗ ನೇಮಿಸಿತು, ಹೇಳಿಕೆ ಬರೆದುಕೊಳ್ಳಲು ಗೀರಕ್ಕನನ್ನು ಕಳಿಸಿದರು.

"ಆಯೋಗವಂತೆ ಆಯೋಗ! ತಿಪ್ಪೆ ಸಾರಿಸೋಕೆ ನಿನ್ನನ್ನೂ ಕರೆದ್ರಾ?" ಎಂದ ಗಂಡ. ಅವನ ಬಸ್ಸಿನಲ್ಲಿ ಹತ್ತುವವರು, ಇಳಿಯುವವರು ಎಲ್ಲರದೂ ಅದೇ ಮಾತಾಗಿತ್ತು. ನಗರಸಭೆಯ ಹಳೆಯ ಅಧ್ಯಕ್ಷನ ಕಡೆಯವರೇ ಬೆಂಕಿ ಇಟ್ಟದ್ದು, ಅಧಿಕಾರಿಗಳು ಒಳಗೊಳಗೇ ಕೈಜೋಡಿಸಿದ್ದಾರೆ, ಇದು ಬರೀ ಕಣ್ಣೊರೆಸುವ ಆಟ.

"ನಾನಿರೋ ಕಡೆ ಒಂದು ಅಕ್ಷರ ಆಚೀಚೆ ಆಗಲ್ಲ ಕಣ್ರೀ" ಎಂದಳು ಗೀರಕ್ಕ. ಜಂಬದಿಂದಲೇ ಅಂದಳು. ಸುಳ್ಳೇಕೆ, ಆ ಜಂಬಕ್ಕೆ ಅವಳು ಹಕ್ಕುದಾರಳೂ ಆಗಿದ್ದಳು.

ಸಾಕ್ಷಿ ಹೇಳಲು ಬರುವವರೇ ಇರಲಿಲ್ಲ. ಹನ್ನೊಂದನೆಯ ದಿನ ಶಾಲೆಯ ಕಸ ಗುಡಿಸುವವಳು ಬಂದಳು. ನಲವತ್ತರ ಆಸುಪಾಸಿನ ಹೆಂಗಸು, ಓದು ಬರಹ ಇಲ್ಲ, ಕೂರಲು ಕುರ್ಚಿ ಕೊಟ್ಟರೆ ಅದರ ತುದಿಯಲ್ಲಿ ಕುಳಿತಳು. ಹೇಳಿದ್ದು ಮಾತ್ರ ಗಟ್ಟಿಯಾಗಿ ಹೇಳಿದಳು: "ಅವತ್ತು ಬೆಳಿಗ್ಗೆ ನಾನು ಅಂಗಳ ಗುಡಿಸ್ತಿದ್ದೆ. ಅಧ್ಯಕ್ಷರ ಅಳಿಯ ಆ ಕೋಣೆಯಿಂದ ಈಚೆ ಬಂದಿದ್ದನ್ನ ಕಂಡೆ. ಕಣ್ಣಾರೆ ಕಂಡೆ. ಆಮೇಲೇ ಹೊಗೆ ಬಂದಿದ್ದು."

ಗೀರಕ್ಕ ಅಷ್ಟನ್ನೂ ಟೈಪು ಮಾಡಿ ಆಯೋಗದ ಕಾರ್ಯದರ್ಶಿಗೆ ಕೊಟ್ಟಳು. ಆತ ಅದನ್ನು ಭಾಷೆ ತಿದ್ದಲೆಂದು ಇಟ್ಟುಕೊಂಡ. ಆಡುಮಾತನ್ನು ಕಚೇರಿಯ ಮಾತಿಗೆ ತರುವುದು ಅಲ್ಲಿನ ಪದ್ಧತಿ. ಸಂಜೆ ಶುದ್ಧ ಪ್ರತಿ ಬಂತು. ಗೀರಕ್ಕ ಎಂದಿನಂತೆ ಹೆಸರು ನೋಡಿದಳು, ತಾರೀಖು ನೋಡಿದಳು, ಪುಸ್ತಕ ತೆರೆದು ಓದಿದಳು. ಕಸ ಗುಡಿಸುವವಳು ತನ್ನ ಮಾತನ್ನು ತಾನೇ ಕೇಳಿ ಮೊದಲ ಸಲ ನಕ್ಕಳು, ಹೆಬ್ಬೆಟ್ಟು ಒತ್ತಿದಳು.

ನಾಲ್ಕು ತಿಂಗಳಿಗೆ ವರದಿ ಹೊರಬಿತ್ತು. ವಿದ್ಯುತ್ ತಂತಿಯ ದೋಷದಿಂದ ಬೆಂಕಿ. ಏಕೈಕ ಪ್ರತ್ಯಕ್ಷ ಸಾಕ್ಷಿಯೇ "ಯಾರೋ ಹೊರಬಂದುದನ್ನು ಕಂಡಂತಾಯಿತು" ಎಂದು ಅನುಮಾನದಿಂದ ನುಡಿದಿರುವುದರಿಂದ ಆ ಹೇಳಿಕೆಯನ್ನು ಕೈಬಿಡಲಾಗಿದೆ. ಪತ್ರಿಕೆಯಲ್ಲಿ ಅದನ್ನು ಓದಿದ ಗೀರಕ್ಕ ಸೀದಾ ಕಚೇರಿಗೆ ಹೋಗಿ ಕಡತ ತೆಗೆಸಿದಳು. ಹಾಳೆಯಲ್ಲಿ ಅಳಿಯ ಇರಲಿಲ್ಲ. "ಕಂಡೆ" ಇರಲಿಲ್ಲ. "ಕಂಡಂತಾಯಿತು" ಇತ್ತು. ಕೆಳಗೆ ಹೆಬ್ಬೆಟ್ಟು, ಅದರ ಪಕ್ಕದಲ್ಲಿ ಅವಳದೇ ದುಂಡು ಸಹಿ. ಅವಳು ಹಾಳೆ ಹಿಡಿದುಕೊಂಡು ಕಾರ್ಯದರ್ಶಿಯ ಕೋಣೆಗೆ ಹೋದಳು.

ಕಾರ್ಯದರ್ಶಿ ಸಿಟ್ಟಾಗಲಿಲ್ಲ. ಕುರ್ಚಿ ತೋರಿಸಿ ಕೂರಲು ಹೇಳಿದ.

"ಭಾಷೆ ತಿದ್ದಿದ್ದೀನಿ, ಅಷ್ಟೇ. ತಪ್ಪಿದ್ರೆ ಓದುವಾಗ ಹೇಳಬೇಕಿತ್ತಲ್ಲಮ್ಮ. ಸಾಕ್ಷಿಗೆ ನೀವು ಓದಿ ಹೇಳಿದ್ದೀರಿ, ಅವರು ಒಪ್ಪಿದ್ದಾರೆ, ನೀವು ಸಹಿ ಹಾಕಿದ್ದೀರಿ."

"ನಾನು ಹಾಳೆ ಓದಲಿಲ್ಲ ಸಾರ್. ನನ್ನ ಪುಸ್ತಕ ನೋಡಿ ಓದಿದೆ."

"ಹಾಗಾದ್ರೆ ಓದದೇ ಇರೋದನ್ನ ಓದಿದೆ ಅಂತ ಸಹಿ ಹಾಕಿದ್ರಾ? ಎಷ್ಟು ವರ್ಷದಿಂದ?" ಆತ ನಿಜವಾಗಿಯೂ ಕುತೂಹಲದಿಂದ ಕೇಳಿದಂತಿತ್ತು. ಗೀರಕ್ಕ ಅಲ್ಲೇ ಕುಳಿತು ನಡೆದದ್ದನ್ನೆಲ್ಲ ಬರೆದುಕೊಟ್ಟಳು. ಆತ ಮೊಹರು ಒತ್ತಿ, "ವರದಿ ಹೋಗಿ ಆಯ್ತಲ್ಲ" ಎಂದು ಅದನ್ನು ಟ್ರೇಗೆ ಹಾಕಿದ. ಮರುವಾರ ಅವಳನ್ನು ಹಳೆಯ ಕಡತಗಳ ಕೋಣೆಗೆ ಹಾಕಿದರು.

ಅದಾದರೂ ಸಹಿಸಬಹುದಿತ್ತು. ಅವಳ ನೆಮ್ಮದಿ ಕೆಡಿಸಿದ್ದು ಗಂಡ ತಂದ ಸುದ್ದಿ. ಕಸ ಗುಡಿಸುವವಳು ಬಸ್ಸು ಹತ್ತಿದರೆ ಪಕ್ಕದಲ್ಲಿದ್ದವರು ಎದ್ದು ಹೋಗುತ್ತಾರಂತೆ. "ಕಂಡಂತಾಯಿತಾ, ಇಲ್ಲಾ ಕೈಗೆ ಕಾಸು ಬಂದಂತಾಯಿತಾ?" ಎಂದು ಹಿಂದಿನಿಂದ ಕೂಗುತ್ತಾರಂತೆ. ಮಾರಿಕೊಂಡವಳು ಎಂದೇ ಊರೆಲ್ಲ ತೀರ್ಮಾನ ಮಾಡಿಬಿಟ್ಟಿತ್ತು.

"ನಾಳೆ ಶಾಲೆ ಹತ್ರ ಹೋಗ್ತೀನಿ. ಎಲ್ಲರೆದುರಿಗೆ ಹೇಳ್ತೀನಿ" ಎಂದಳು ಗೀರಕ್ಕ.

"ಹೇಳು. ಆದ್ರೆ ನಂಬ್ತಾರೆ ಅಂತ ಹೋಗ್ಬೇಡ" ಎಂದ ಗಂಡ. ಈ ಸಲ ಅವನು ನಗಲಿಲ್ಲ.

ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ ಮಕ್ಕಳನ್ನು ಬಿಡಲು ಬಂದ ಅಪ್ಪ ಅಮ್ಮಂದಿರು ಗುಂಪು ಕಟ್ಟಿದ್ದರು. ಕಸ ಗುಡಿಸುವವಳು ಒಳಗೆ ಪೊರಕೆ ಹಿಡಿದು, ಯಾರ ಮುಖವನ್ನೂ ನೋಡದೆ ಕೆಲಸ ಮಾಡುತ್ತಿದ್ದಳು. ಗೀರಕ್ಕ ಗಂಟಲು ಸರಿಮಾಡಿಕೊಂಡು ಹೇಳಿದಳು: ಇವಳು ಕಂಡೆ ಅಂತಲೇ ಹೇಳಿದ್ದು, ಅಧ್ಯಕ್ಷರ ಅಳಿಯ ಅಂತಲೇ ಹೇಳಿದ್ದು, ಹಾಳೆಯಲ್ಲಿ ಬೇರೆ ಬಂದದ್ದು, ತಾನು ಹಾಳೆ ಓದದೆ ಸಹಿ ಹಾಕಿದ್ದು. ಇಪ್ಪತ್ತಾರು ವರ್ಷ ಬೇರೆಯವರ ಮಾತು ಬರೆದವಳಿಗೆ ತನ್ನ ಮಾತು ಆಡುವಾಗ ನಾಲಿಗೆ ತೊದಲಿತು. ಪುಸ್ತಕ ತೆರೆದು ತೋರಿಸಿದಳು.

ಒಬ್ಬಾತ ಇಣುಕಿ ನೋಡಿದ. "ಇದೇನು, ಕೋಳಿ ಕೆದಕಿದ ಹಾಗಿದೆ?"

"ಶೀಘ್ರಲಿಪಿ. ಇಲ್ಲಿ ನೋಡಿ, ಇದೇ 'ಕಂಡೆ'."

"ನೀವೇ ಗೀಚಿದ್ದು, ನೀವೇ ಓದೋದು. ನಾವು ನಂಬೋದು. ಅಲ್ವಾ?"

"ಇಷ್ಟು ದಿನ ಎಲ್ಲಿದ್ರಿ?" ಎಂದಳು ಮಗುವನ್ನೆತ್ತಿಕೊಂಡಿದ್ದ ಹೆಂಗಸು. "ಚುನಾವಣೆ ಮತ್ತೆ ಬಂತಲ್ಲ, ಅಧ್ಯಕ್ಷರ ಎದುರಾಳಿಗಳು ಕಳಿಸಿದ್ರೋ?"

"ಇವರೂ ಅದೇ ಕಚೇರಿಯವ್ರಲ್ವಾ, ಬಿಡಿ" ಎಂದಿತು ಇನ್ನೊಂದು ದನಿ. ಗಂಟೆ ಹೊಡೆಯಿತು. ಜನ ಚದುರಿದರು.

ಕಸ ಗುಡಿಸುವವಳು ಗೇಟಿನ ತನಕ ಬಂದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಬೈಯಲಿ, ಕಿರುಚಲಿ ಎಂದು ಗೀರಕ್ಕ ಕಾದಳು.

"ಅವತ್ತು ಹಾಳೇಲಿ ಬೇರೆ ಇತ್ತಾ ಅಕ್ಕಾ?"

"ಇತ್ತು. ನಾನು ನೋಡಲಿಲ್ಲ. ನಿನಗೆ ಅರ್ಥ ಆಗ್ಲಿ ಅಂತ..."

"ನೀವು ಓದಿದ್ದು ಅರ್ಥ ಆಗಿತ್ತು" ಎಂದಳು ಅವಳು. "ಹೋಗ್ಬೇಡ, ಆ ಆಯೋಗದೋರು ಒಬ್ಬರೂ ಸರಿ ಇಲ್ಲ ಅಂತ ನನ್ನ ಗಂಡ ಅಂದ, ನೆರೆಯೋರು ಅಂದ್ರು. ಹೆಬ್ಬೆಟ್ಟು ಒತ್ತೋ ಮುಂಚೆ ನಂಗೂ ಎದ್ದು ಹೋಗೋಣ ಅನ್ನಿಸ್ತು. ನೀವು ನನ್ನ ಮಾತಲ್ಲೇ ಓದಿದ್ರಲ್ಲ, ಆಗ ಧೈರ್ಯ ಬಂತು. ಊರಲ್ಲಿ ನಿಮ್ಮನ್ನ ನಂಬಿದ್ದು ನಾನೊಬ್ಳೇ ಅಕ್ಕಾ."